ಸ್ವತಂತ್ರರಿಗೆ ತಕ್ಕ ವಿದ್ಯೆ: ಗುಡ್ಡದ ಮೇಲಿನ ಒಂದು ಪುಟ್ಟ ಕಾಲೇಜಿನ ಕಥೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ನಗರದ ಗುಡ್ಡವೊಂದರ ಮೇಲೆ ಪವಿತ್ರ ಶಿಲುಬೆಯ ಹೆಸರನ್ನು ಹೊತ್ತ ಕಾಲೇಜೊಂದಿದೆ. 'ಹೋಲಿ ಕ್ರಾಸ್ ಕಾಲೇಜು' ಎಂದೇ ಪ್ರಸಿದ್ಧವಾದ ಇದನ್ನು 1843ರಲ್ಲಿ ಬಾಸ್ಟನ್ನಿನ ಎರಡನೆಯ ಧರ್ಮಾಧ್ಯಕ್ಷರಾಗಿದ್ದ ಬೆನೆಡಿಕ್ಟ್ ಜೋಸೆಫ್ ಫೆನ್ವಿಕ್ ಅವರು ಸ್ಥಾಪಿಸಿ, ಯೇಸುಸಭೆಯ ಗುರುಗಳ ಕೈಗೆ ಒಪ್ಪಿಸಿದರು. ಇಲ್ಲಿ ವೈದ್ಯಕೀಯ ಶಾಲೆಯಿಲ್ಲ, ಕಾನೂನು ಶಾಲೆಯಿಲ್ಲ. ಇರುವುದು ನಾಲ್ಕು ವರ್ಷಗಳ ಪದವಿ ಶಿಕ್ಷಣ ಮಾತ್ರ. ವಿದ್ಯಾರ್ಥಿಗಳ ಸಂಖ್ಯೆ ಸುಮಾರು 3,000. ಹತ್ತಾರು ಸಾವಿರ ಮಂದಿ ಓದುವ ಆ ದೇಶದ ಮಹಾ ವಿಶ್ವವಿದ್ಯಾನಿಲಯಗಳ ಮುಂದೆ ಇದು ಪುಟ್ಟ ಸಂಸ್ಥೆಯೇ ಸರಿ. ಹಾಗಿದ್ದರೂ ಎಷ್ಟೋ ಕಥೋಲಿಕ ಕುಟುಂಬಗಳು ತಲೆಮಾರುಗಳಿಂದ ತಮ್ಮ ಮಕ್ಕಳನ್ನು ಇಲ್ಲಿಗೆ ಕಳುಹಿಸುತ್ತ ಬಂದಿವೆ. ಏಕೆ?

ಇಲ್ಲಿ ಕಲಿಸುವುದು 'ಲಿಬರಲ್ ಆರ್ಟ್ಸ್'. ಈ ಮಾತನ್ನು ಕೇಳಿದೊಡನೆ ನಾವು ವಿಜ್ಞಾನಕ್ಕೆ ಅಂಕ ಸಾಲದವರು ಸೇರುವ ಕಲಾ ವಿಭಾಗವೆಂದು ಭಾವಿಸಿಬಿಡುತ್ತೇವೆ. ಅದು ತಪ್ಪು. ಲ್ಯಾಟಿನ್ ಭಾಷೆಯಲ್ಲಿ 'ಲೀಬೆರ್' ಎಂದರೆ ಸ್ವತಂತ್ರ. ಒಡೆಯನ ಅಪ್ಪಣೆಯಂತೆ ದುಡಿಯುವ ಗುಲಾಮನಿಗೆ ಕೈಕಸುಬು ಸಾಕು. ತಾನೇ ಆಲೋಚಿಸಿ ತೀರ್ಮಾನ ಕೈಗೊಳ್ಳಬೇಕಾದ ಸ್ವತಂತ್ರನಿಗೆ ಬೇರೊಂದು ವಿದ್ಯೆ ಬೇಕು ಎಂಬುದು ಪ್ರಾಚೀನರ ಭಾವನೆಯಾಗಿತ್ತು. ಮಧ್ಯಯುಗದಲ್ಲಿ ಎಣಿಸಿದ ಇಂತಹ ಏಳು ವಿದ್ಯೆಗಳಲ್ಲಿ ವ್ಯಾಕರಣ, ತರ್ಕ ಮತ್ತು ವಾಕ್ಪಟುತ್ವದ ಜೊತೆಗೆ ಅಂಕಗಣಿತ, ರೇಖಾಗಣಿತ, ಸಂಗೀತ ಮತ್ತು ಖಗೋಳಶಾಸ್ತ್ರವೂ ಸೇರಿದ್ದವು. ಸಾಹಿತ್ಯಕ್ಕೂ ಗಣಿತಕ್ಕೂ ನಡುವೆ ಗೋಡೆಯಿರಲಿಲ್ಲ.

ಆ ಗೋಡೆ ಹೋಲಿ ಕ್ರಾಸಿನಲ್ಲಿ ಇಂದಿಗೂ ಇಲ್ಲ. ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡವಳೂ ತತ್ತ್ವಶಾಸ್ತ್ರ, ಧರ್ಮಾಧ್ಯಯನ, ಇತಿಹಾಸ ಮತ್ತು ಅನ್ಯಭಾಷೆಯೊಂದನ್ನು ಕಲಿಯಬೇಕು. ಇತಿಹಾಸದ ವಿದ್ಯಾರ್ಥಿಯೂ ವಿಜ್ಞಾನದ ಬಾಗಿಲನ್ನು ತಟ್ಟಲೇಬೇಕು. ಮೊದಲ ವರ್ಷದವರಿಗಾಗಿ 2008ರಲ್ಲಿ ಆರಂಭಿಸಿದ ಯೋಜನೆಗೆ 'ಮೊನ್ಸೆರಾಟ್' ಎಂದು ಹೆಸರು. ಸಂತ ಇಗ್ನೇಷಿಯಸರು 1522ರಲ್ಲಿ ತಮ್ಮ ಖಡ್ಗವನ್ನು ಮಾತೆ ಮರಿಯಮ್ಮನವರ ಪೀಠದೆದುರು ಇರಿಸಿದ ಬೆಟ್ಟದ ಹೆಸರದು. ಹೊಸಬರು ಸಣ್ಣ ಗುಂಪುಗಳಲ್ಲಿ ಅಧ್ಯಾಪಕರೊಡನೆ ಕುಳಿತು ಚರ್ಚಿಸುತ್ತಾರೆ. ತರಗತಿಯ ಸಹಪಾಠಿಗಳೇ ವಿದ್ಯಾರ್ಥಿನಿಲಯದಲ್ಲಿ ನೆರೆಹೊರೆಯವರೂ ಆಗಿರುತ್ತಾರೆ. ಬೆಳಿಗ್ಗೆ ಆರಂಭವಾದ ವಾದ ಊಟದ ಮೇಜಿನಲ್ಲಿ ಮುಂದುವರಿಯುತ್ತದೆ. ಇಂತಹ ಕಡೆ ಪಾಠ ಓದದೆ ಬಂದವನು ಹಿಂದಿನ ಬೆಂಚಿನಲ್ಲಿ ಅಡಗಿ ಕೂರಲಾರ. ಪುಟ್ಟ ಕಾಲೇಜಿನ ಕಷ್ಟವೂ ಅದೇ, ಭಾಗ್ಯವೂ ಅದೇ.

ಇದರಿಂದ ಹೊಟ್ಟೆ ತುಂಬುವುದೇ ಎಂದು ತಂದೆತಾಯಿಯರು ಕೇಳುವುದು ಸಹಜ. ಅಮೆರಿಕದ ಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಸಂಸ್ಥೆಯನ್ನು 1984ರಿಂದ 2022ರವರೆಗೆ ಮುನ್ನಡೆಸಿದ ವೈದ್ಯ ಆಂಟನಿ ಫೌಚಿ ಇಲ್ಲಿಯ 1962ರ ಪದವೀಧರರು. ವೈದ್ಯಕೀಯಕ್ಕೆ ಬೇಕಾದ ವಿಜ್ಞಾನದ ಜೊತೆಯಲ್ಲೇ ಅವರು ಇಲ್ಲಿ ಗ್ರೀಕ್, ಲ್ಯಾಟಿನ್ ಮತ್ತು ತತ್ತ್ವಶಾಸ್ತ್ರವನ್ನು ಓದಿದ್ದರು.

ಆದರೆ 'ಸ್ವತಂತ್ರರ ವಿದ್ಯೆ' ಎಂಬ ಮಾತಿನ ನಿಜವಾದ ಭಾರವನ್ನು ಅರಿಯಬೇಕಾದರೆ ಈ ಕಾಲೇಜಿನ ಮೊದಲ ದಿನಗಳಿಗೆ ಹೋಗಬೇಕು. 1844ರಲ್ಲಿ ಇಲ್ಲಿ ಸೇರಿದ ಬಾಲಕರಲ್ಲಿ ಜೇಮ್ಸ್ ಅಗಸ್ಟಿನ್ ಹೀಲಿ ಎಂಬವನೂ ಅವನ ತಮ್ಮಂದಿರೂ ಇದ್ದರು. ತಂದೆ ಐರ್ಲೆಂಡಿನಿಂದ ಬಂದು ಜಾರ್ಜಿಯಾ ರಾಜ್ಯದಲ್ಲಿ ತೋಟಗಾರನಾಗಿದ್ದವನು. ತಾಯಿ ಅವನ ತೋಟದಲ್ಲಿ ಗುಲಾಮಳಾಗಿದ್ದವಳು. ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರೇ ಎಂಬುದು ಅಲ್ಲಿನ ಕಾನೂನು. ಗುಲಾಮರಿಗೆ ಅಕ್ಷರ ಕಲಿಸುವುದೂ ಅಲ್ಲಿ ನಿಷಿದ್ಧ. ಅಂತಹ ನಾಡಿನಲ್ಲಿ ಹುಟ್ಟಿದ ಬಾಲಕ ಈ ಗುಡ್ಡದ ಮೇಲೆ ಜ್ಞಾನಸ್ನಾನ ಪಡೆದು, 1849ರಲ್ಲಿ ಕಾಲೇಜಿನ ಪ್ರಥಮ ಪದವೀಧರರ ತಂಡದಲ್ಲಿ ಮೊದಲಿಗನಾಗಿ ಹೊರಬಂದನು. 1854ರಲ್ಲಿ ಪ್ಯಾರಿಸ್ಸಿನಲ್ಲಿ ಗುರುದೀಕ್ಷೆ ಪಡೆದ ಅವರು, 1875ರಲ್ಲಿ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಧರ್ಮಾಧ್ಯಕ್ಷರಾದರು. ತಮ್ಮ ಪ್ಯಾಟ್ರಿಕ್ ಯೇಸುಸಭೆಯನ್ನು ಸೇರಿ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು.

ಅಂದು ಹೀಲಿಯವರಿಗೆ ದೊರೆತ ಪದವಿಪತ್ರದಲ್ಲಿ ಹೋಲಿ ಕ್ರಾಸಿನ ಹೆಸರಿರಲಿಲ್ಲ. ಕಥೋಲಿಕರಿಗಷ್ಟೇ ಮೀಸಲಾದ ಕಾಲೇಜಿಗೆ ಮಾನ್ಯತೆ ನೀಡಲು ಮ್ಯಾಸಚೂಸೆಟ್ಸಿನ ಶಾಸನಸಭೆ 1849ರಲ್ಲಿ ನಿರಾಕರಿಸಿತ್ತು. 1852ರಲ್ಲಿ ಬೆಂಕಿ ಬಿದ್ದು ಕಾಲೇಜಿನ ಕಟ್ಟಡವೂ ನಾಶವಾಯಿತು. 1865ರಲ್ಲಿ ಮಾನ್ಯತೆ ದೊರೆಯುವವರೆಗೂ ಇಲ್ಲಿಯವರಿಗೆ ಪದವಿ ನೀಡುತ್ತಿದ್ದುದು ಜಾರ್ಜ್‌ಟೌನ್.

ಇಷ್ಟೇ ಹೇಳಿ ನಿಲ್ಲಿಸಿದರೆ ಅರ್ಧಸತ್ಯ ಹೇಳಿದಂತಾದೀತು. ಹೀಲಿ ಸೋದರರು ಸೇರಿದಾಗ ಕಾಲೇಜಿನ ಅಧ್ಯಕ್ಷರಾಗಿದ್ದವರು ವಂದನೀಯ ಥಾಮಸ್ ಮಲೆಡಿ. ಇವರೇ 1838ರಲ್ಲಿ ಯೇಸುಸಭೆಯ ಮೇರಿಲ್ಯಾಂಡ್ ಪ್ರಾಂತ್ಯದ ಮುಖ್ಯಸ್ಥರಾಗಿದ್ದಾಗ, ಸಭೆಯ ತೋಟಗಳಲ್ಲಿ ದುಡಿಯುತ್ತಿದ್ದ 272 ಮಂದಿ ಗುಲಾಮರನ್ನು ಲೂಯಿಸಿಯಾನದ ತೋಟಗಾರರಿಗೆ ಮಾರಿದ್ದರು. ಆ ಹಣದ ಒಂದು ಭಾಗ ಜಾರ್ಜ್‌ಟೌನಿನ ಸಾಲ ತೀರಿಸಲು ಹೋಯಿತು. ಗುಲಾಮ ತಾಯಿಯ ಮಗನಿಗೆ ಬಾಗಿಲು ತೆರೆದ ಮನೆಯ ಯಜಮಾನನ ಕೈ ಹೀಗೆ ಕಳಂಕಿತವಾಗಿತ್ತು. ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿ ಪಾಪವೂ ವರಪ್ರಸಾದವೂ ಒಂದೇ ಸೂರಿನಡಿ ವಾಸಿಸಿರುವುದನ್ನು ನಾವು ತಲೆತಗ್ಗಿಸಿಯೇ ಒಪ್ಪಬೇಕಾಗುತ್ತದೆ.

ಒಪ್ಪಿಕೊಳ್ಳುವುದನ್ನು ಈ ಕಾಲೇಜು ನಿಧಾನವಾಗಿ ಕಲಿಯಿತು. 1968ರಲ್ಲಿ ವಂದನೀಯ ಜಾನ್ ಬ್ರೂಕ್ಸ್ ಎಂಬ ಯೇಸುಸಭೆಯ ಗುರುಗಳು ಕಪ್ಪು ಜನಾಂಗದ ಯುವಕರನ್ನು ತಾವೇ ಹುಡುಕಿಕೊಂಡು ಹೋಗಿ, ವಿದ್ಯಾರ್ಥಿವೇತನ ಕೊಟ್ಟು ಕರೆತಂದರು. ಆ ತಲೆಮಾರಿನ ಕ್ಲಾರೆನ್ಸ್ ಥಾಮಸ್ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು, ಎಡ್ವರ್ಡ್ ಪಿ. ಜೋನ್ಸ್ ಗುಲಾಮಗಿರಿಯನ್ನೇ ವಸ್ತುವಾಗಿಸಿಕೊಂಡ ಕಾದಂಬರಿಗೆ 2004ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು. 1972ರಲ್ಲಿ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ವಿದ್ಯಾರ್ಥಿನಿಲಯವೊಂದಕ್ಕಿದ್ದ ಮಲೆಡಿಯವರ ಹೆಸರಿನೊಡನೆ 2016ರಲ್ಲಿ ಬ್ರೂಕ್ಸರ ಹೆಸರನ್ನು ಸೇರಿಸಲಾಯಿತು. 2020ರಲ್ಲಿ ಮಲೆಡಿಯವರ ಹೆಸರನ್ನೇ ತೆಗೆಯಲಾಯಿತು.

ಇಂತಹ ಶಿಕ್ಷಣ ಅಗ್ಗವಲ್ಲ. ಬೋಧನಾ ಶುಲ್ಕವೇ ವರ್ಷಕ್ಕೆ 60,000 ಡಾಲರನ್ನು ಮೀರುತ್ತದೆ. ಕುಟುಂಬದ ಶಕ್ತಿಯನ್ನು ನೋಡಿ ನೀಡುವ ನೆರವು ಇಲ್ಲದಿದ್ದರೆ ಬಡವರ ಮಕ್ಕಳು ಆ ಗುಡ್ಡವನ್ನು ಹತ್ತಲಾರರು. ಸ್ವತಂತ್ರರ ವಿದ್ಯೆ ಶ್ರೀಮಂತರ ವಿದ್ಯೆಯಷ್ಟೇ ಆಗಿಬಿಟ್ಟರೆ ಹೀಲಿಯಂತಹ ಬಾಲಕರಿಗೆ ಅಲ್ಲಿ ಸ್ಥಳವೆಲ್ಲಿ? 1973ರಲ್ಲಿ ಯೇಸುಸಭೆಯ ಮಹಾಧಿಪತಿ ಪೇದ್ರೊ ಅರೂಪೆಯವರು ಸ್ಪೇನಿನ ವಲೆನ್ಸಿಯಾದಲ್ಲಿ ತಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು, ಪರರಿಗಾಗಿ ಬದುಕುವವರನ್ನು ರೂಪಿಸುವುದೇ ನಮ್ಮ ಶಿಕ್ಷಣದ ಗುರಿ ಎಂದು ಹೇಳಿದಾಗ, ಹಲವರಿಗೆ ಆ ಮಾತು ರುಚಿಸಲಿಲ್ಲ. ಆದರೆ ಈ ಕಾಲೇಜು ಇಂದು ಅದನ್ನೇ ತನ್ನ ಧ್ಯೇಯವಾಕ್ಯದಂತೆ ಮೆರೆಸುತ್ತಿದೆ.

ಇದೇ ಯೇಸುಸಭೆ 1880ರಲ್ಲಿ ನಮ್ಮ ಮಂಗಳೂರಿನಲ್ಲೂ ಸಂತ ಅಲೋಶಿಯಸರ ಹೆಸರಿನಲ್ಲಿ ಕಾಲೇಜೊಂದನ್ನು ಆರಂಭಿಸಿತು. ವುಸ್ಟರಿನ ಗುಡ್ಡ ನಮಗೆ ದೂರದ್ದಾದರೂ ಅದರ ಬೇರು ನಮಗೆ ಪರಕೀಯವಲ್ಲ. ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂದು ಯೋಚಿಸುವಾಗ ಕೆಲಸ ಸಿಗುವುದೇ ಎಂದು ನಾವು ಕೇಳುತ್ತೇವೆ, ಕೇಳಲೇಬೇಕು. ಅದರೊಡನೆ ಇನ್ನೂ ಎರಡು ಪ್ರಶ್ನೆಗಳನ್ನು ಕೇಳೋಣ. ಅಲ್ಲಿ ನಮ್ಮ ಮಗುವನ್ನು ಹೆಸರು ಹಿಡಿದು ಕರೆಯುವವರು ಇದ್ದಾರೆಯೇ? ತಮ್ಮವರದ್ದೇ ತಪ್ಪನ್ನು ತಪ್ಪೆನ್ನುವಷ್ಟು ಸ್ವತಂತ್ರ ಮನಸ್ಸು ಅಲ್ಲಿ ಬೆಳೆದೀತೇ? ಇವೆರಡಕ್ಕೂ ಹೌದೆಂಬ ಉತ್ತರ ದೊರೆತರೆ, ಕಾಲೇಜು ಎಷ್ಟೇ ಚಿಕ್ಕದಾಗಿರಲಿ, ನಮ್ಮ ಮಗು ದೊಡ್ಡ ಮನೆಗೇ ಸೇರಿದೆ ಎಂದು ನೆಮ್ಮದಿಯಿಂದಿರಬಹುದು.