ಬಾಣಂತಿ ಕೋಣೆಗೆ ಬಂದ ಲೇಖಕಿ

ಅನುಪಮಾ ನಿರಂಜನರ ಹೆಸರು ನಮ್ಮ ಮನೆಗೆ ಬಂದದ್ದು ಕಾದಂಬರಿಯ ಮೂಲಕ ಅಲ್ಲ, ಬಾಣಂತಿ ಕೋಣೆಯ ಮೂಲಕ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಅಕ್ಕನ ದಿಂಬಿನ ಪಕ್ಕ ‘ತಾಯಿ-ಮಗು’ ಇರುತ್ತಿತ್ತು. ಬಾಣಂತಿ ಹೆಚ್ಚು ನೀರು ಕುಡಿಯಬಾರದೆಂದು ಅಜ್ಜಿ ತಂಬಿಗೆ ಎತ್ತಿಟ್ಟರೆ, “ಇದು ಡಾಕ್ಟರಮ್ಮ ಬರೆದ ಪುಸ್ತಕ ಅಜ್ಜಿ, ಇದನ್ನು ಕೇಳೋಣ” ಎಂದು ಅಕ್ಕ ಹಟ ಹಿಡಿಯುತ್ತಿದ್ದಳು. “ಅವಳೇನು ಹೆತ್ತಿದ್ದಾಳಾ?” ಅಂತ ಅಜ್ಜಿಯ ಪ್ರಶ್ನೆ. ಹೆತ್ತಿದ್ದರು, ಇಬ್ಬರು ಹೆಣ್ಣುಮಕ್ಕಳನ್ನು.

ಹುಟ್ಟಿದ್ದು 1934ರಲ್ಲಿ, ತೀರ್ಥಹಳ್ಳಿಯಲ್ಲಿ. ಮನೆಯವರು ಇಟ್ಟ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಕಾದಂಬರಿಕಾರ ನಿರಂಜನರ ಕೈಹಿಡಿದು, ಧಾರವಾಡ, ಬೆಂಗಳೂರುಗಳಲ್ಲಿ ರೋಗಿಗಳನ್ನು ನೋಡಿದರು. ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳಲು ನಾಚುತ್ತಿದ್ದ ಸಂಗತಿಗಳಿಗೆ ‘ದಾಂಪತ್ಯ ದೀಪಿಕೆ’ ಬರೆದರು. ಮಕ್ಕಳಿಗೆ 12 ಸಂಪುಟಗಳ ‘ದಿನಕ್ಕೊಂದು ಕಥೆ’ ಕೊಟ್ಟರು. ಅವರ ‘ಋಣಮುಕ್ತಳು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1984ರಲ್ಲಿ ತೆರೆಗೆ ತಂದರು.

ಡಾಕ್ಟರು ಬೇರೆ, ಲೇಖಕಿ ಬೇರೆ ಎನ್ನುವವರಿಗೆ ನಾನು ಅವರ ‘ಮಾಧವಿ’ ಕಾದಂಬರಿಯನ್ನು ತೋರಿಸುತ್ತೇನೆ. ಕಥೆ ಮಹಾಭಾರತದ್ದು. ವಿಶ್ವಾಮಿತ್ರರ ಶಿಷ್ಯ ಗಾಲವನಿಗೆ ಗುರುದಕ್ಷಿಣೆಯಾಗಿ ಒಂದು ಕಿವಿ ಕಪ್ಪಿರುವ 800 ಬಿಳಿ ಕುದುರೆಗಳು ಬೇಕು. ಅವನು ಬೇಡಿದ ರಾಜ ಯಯಾತಿಯ ಬಳಿ ಕುದುರೆಯಿಲ್ಲ, ಮಗಳು ಮಾಧವಿಯನ್ನೇ ಕೊಟ್ಟುಬಿಡುತ್ತಾನೆ. ಮೂವರು ರಾಜರು ತಲಾ 200 ಕುದುರೆ ಕೊಟ್ಟು ಅವಳಿಂದ ಒಂದೊಂದು ಗಂಡುಮಗು ಪಡೆಯುತ್ತಾರೆ. ಉಳಿದ 200ಕ್ಕೆ ಬದಲಾಗಿ ವಿಶ್ವಾಮಿತ್ರರೇ ಅವಳನ್ನು ಇರಿಸಿಕೊಳ್ಳುತ್ತಾರೆ. ಪ್ರತಿ ಹೆರಿಗೆಯ ಬಳಿಕವೂ ಆಕೆ ಮತ್ತೆ ಕನ್ಯೆಯಾಗುವ ವರ ಬೇರೆ! ಪುರಾಣಕ್ಕೆ ಲೆಕ್ಕ ಚುಕ್ತಾ ಆಯಿತು. ಆದರೆ ಹೆತ್ತ ಮೈಯನ್ನು ದಿನವೂ ಮುಟ್ಟಿ ನೋಡುವ ವೈದ್ಯೆಗೆ ಅಷ್ಟಕ್ಕೇ ಮುಗಿಯದು. ಎಳೆಗೂಸನ್ನು ಬಿಟ್ಟು ಮುಂದಿನ ರಾಜನ ಊರಿಗೆ ನಡೆದವಳ ಎದೆಹಾಲು ಏನಾಯಿತು, ಬಾಣಂತನ ಯಾರು ಮಾಡಿದರು? ವರದಿಂದ ಹಸಿಮೈ ಒಣಗುವುದಿಲ್ಲ ಎಂದು ವೈದ್ಯೆಗೆ ಗೊತ್ತು. ಮಾಧವಿಯ ಕಡೆಯಿಂದ ಕಥೆ ನೋಡುವ ಧೈರ್ಯ ಅವರಿಗೆ ದವಾಖಾನೆಯಲ್ಲೇ ಬಂದಿರಬೇಕು ಎಂಬುದು ನನ್ನ ಗುಮಾನಿ.

ಮನೆಯೊಳಗೂ ಕಾಯಿಲೆ ಬಿಡಲಿಲ್ಲ. 1971ರಲ್ಲಿ ನಿರಂಜನರಿಗೆ ಲಕ್ವ ಹೊಡೆಯಿತು. ಆಮೇಲೂ ಅವರು ‘ವಿಶ್ವಕಥಾಕೋಶ’ದ 25 ಸಂಪುಟಗಳನ್ನು ಸಂಪಾದಿಸಿದರು ಎಂದು ಕೊಂಡಾಡುತ್ತೇವೆ, ಸರಿಯೇ. ಆ ವರ್ಷಗಳಲ್ಲಿ ಮನೆ ನಡೆಸಿದವರು ಯಾರೆಂದೂ ಜೊತೆಗೇ ಹೇಳಬೇಕು. ಕಡೆಗೆ ಕ್ಯಾನ್ಸರ್ ಅನುಪಮಾ ಅವರನ್ನೇ ಹಿಡಿಯಿತು. ಆ ರೋಗದ ಬಗ್ಗೆಯೂ ಜನರಿಗಾಗಿ ಪುಸ್ತಕ ಬರೆದಿದ್ದ ಅವರು 1991ರಲ್ಲಿ ಅದರಿಂದಲೇ ತೀರಿಕೊಂಡರು. ವಯಸ್ಸು ಇನ್ನೂ 60 ಆಗಿರಲಿಲ್ಲ.

ತಮ್ಮ ಬದುಕನ್ನು ಅವರು ‘ನೆನಪು: ಸಿಹಿ-ಕಹಿ’ಯಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಓದುವ ಮೊದಲು ‘ತಾಯಿ-ಮಗು’ ಒಮ್ಮೆ ತಿರುವಿಹಾಕಿ, ‘ಮಾಧವಿ’ಯನ್ನು ಪೂರ್ತಿ ಓದಿ. ಊರಿನ ಗ್ರಂಥಾಲಯದಲ್ಲಿ ಸಿಗದಿದ್ದರೆ ತರಿಸಿಕೊಡಿ ಎಂದು ಕೇಳಿ.