ನಾಲ್ವರು ಗುಲಾಮರ ಕಥೆ

ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಹಣ ಕಟ್ಟಿ ಆಡುವ ಜೂಜು ಎಷ್ಟೋ ಸಂಸಾರಗಳನ್ನು ಬೀದಿಗೆ ತಂದಿದೆ. ಆದರೆ ಅದೇ 52 ಎಲೆಗಳನ್ನು ಹಿಡಿದು, ಬಿಡಿಗಾಸಿನ ಪಣವೂ ಇಲ್ಲದೆ, ಕಥೆ ಹೇಳುತ್ತ ಮನೆಮಂದಿಯನ್ನು ಬೆರಗುಗೊಳಿಸುವ ಕಲೆಯೂ ಒಂದುಂಟು. ಎಲೆಗೂ ಕಥೆಗೂ ನಂಟು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಗಂಜೀಫಾ ಎಲೆಗಳಲ್ಲಿ ಪುರಾಣಪಾತ್ರಗಳೇ ಚಿತ್ರಿತವಾಗಿವೆ. ಅತ್ತ ಇಂಗ್ಲೆಂಡಿನಲ್ಲಿ ಮಾಟಗಾತಿಯರೆಂದು ಅಮಾಯಕರನ್ನು ಪೀಡಿಸುವುದನ್ನು ಖಂಡಿಸಿ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಪ್ರಕಟಿಸಿದ ಗ್ರಂಥವು, ಎಲೆಗಳ ಚಮತ್ಕಾರ ಬರಿಯ ಕೈಚಳಕವೆಂಬುದನ್ನು ಬಿಡಿಸಿ ತೋರಿಸಿತು.

ಹೊಸಬರ ಪುಸ್ತಕಗಳಲ್ಲೆಲ್ಲ ಕಾಣಸಿಗುವ ‘ನಾಲ್ವರು ಕಳ್ಳರು’ ಎಂಬ ಆಟವನ್ನೇ ತೆಗೆದುಕೊಳ್ಳೋಣ. ಗುಟ್ಟು ಬಲು ಸರಳ. ನಾಲ್ಕು ಗುಲಾಮರನ್ನು ಆರಿಸಿ, ಮುಖ ಪ್ರೇಕ್ಷಕರತ್ತ ಇರುವಂತೆ ಬೀಸಣಿಗೆಯಾಗಿ ಹಿಡಿಯಬೇಕು. ಅದಕ್ಕೆ ಮುಂಚೆಯೇ ಬೇರೆ ಮೂರು ಎಲೆಗಳನ್ನು ಕಡೆಯ ಗುಲಾಮನ ಬೆನ್ನಿಗೆ, ಅಂಚು ಹೊರಚಾಚದಂತೆ, ಒತ್ತಿಟ್ಟುಕೊಂಡಿರಬೇಕು. ಬೀಸಣಿಗೆಯನ್ನು ಮಡಿಸಿ ಏಳೂ ಎಲೆಗಳನ್ನು ಬೋರಲಾಗಿ ಕಟ್ಟಿನ ಮೇಲಿಟ್ಟರೆ, ಮೇಲಿನ ಮೂರು ಯಾವುವೋ ಎಲೆಗಳು. ಗುಲಾಮರು ಅವುಗಳ ಕೆಳಗೆ.

ಕಳ್ಳರ ಕಥೆ ಮಕ್ಕಳಿಗೆ ಬೇಡವೆನ್ನುವವರಿಗೆ ನಮ್ಮ ನುಡಿಯೇ ದಾರಿ ತೋರಿದೆ. ಗುಲಾಮನೆಂದರೆ ಆಳು ತಾನೇ? ಕಟ್ಟು ಗೌಡರ ಮನೆಯಾಗಲಿ. ಗೌಡರು ಸಂತೆಗೆ ಹೋದದ್ದೇ ತಡ, ಒಬ್ಬ ಆಳು ನಿದ್ದೆ ಮಾಡಲು ಕೊಟ್ಟಿಗೆಗೆ ನುಸುಳಿದ. ಮೇಲಿನ ಎಲೆ ಕಟ್ಟಿನ ತಳಕ್ಕೆ. ಮತ್ತೊಬ್ಬ ಪಡಸಾಲೆಗೆ, ಎಲೆ ನಡುವಿಗೆ. ಇನ್ನೊಬ್ಬ ಅಟ್ಟಕ್ಕೆ, ಎಲೆ ತುಸು ಮೇಲಕ್ಕೆ, ಆದರೆ ಮೇಲಿನ ನಾಲ್ಕರ ನಡುವೆ ಸಿಲುಕದಂತೆ ಎಚ್ಚರ! ನಾಲ್ಕನೆಯವನು ಮಾಳಿಗೆಯ ಮೇಲೆ ಕಾವಲು. ಈಗ ಮೇಲಿನ ಎಲೆ ನಿಜವಾದ ಗುಲಾಮನೇ ಆದ್ದರಿಂದ ಅವನ ಮುಖವನ್ನು ಧಾರಾಳವಾಗಿ ತೋರಿಸಬಹುದು. ‘ಗೌಡ್ರು ಬಂದ್ರಪ್ಪೋ!’ ಎಂದು ಅವನು ಕೂಗುತ್ತಾನೆ. ಕಟ್ಟನ್ನು ಮೂರು ಸಲ ತಟ್ಟಿ ಮೇಲಿನ ನಾಲ್ಕೆಲೆಗಳನ್ನು ಮಗುಚಿದರೆ, ನಾಲ್ವರೂ ಮಾಳಿಗೆಯ ಮೇಲೆ!

ಇಷ್ಟು ಓದಿ ಎದ್ದು ಆಡಲು ಹೋದವರು ಮೊದಲ ಎಲೆಯಲ್ಲಿಯೇ ಸಿಕ್ಕಿಬೀಳುತ್ತಾರೆ. ‘ಆ ಎಲೆ ತೋರಿಸು’ ಎಂದು ಯಾವನಾದರೂ ಚೂಟಿ ಹುಡುಗ ಕೇಳಿದರೆ ಆಟ ಮುಗಿದಂತೆ. ಆ ಪ್ರಶ್ನೆಗೆ ಉತ್ತರವಿಲ್ಲ. ಅದು ಹುಟ್ಟದಂತೆ ನೋಡಿಕೊಳ್ಳುವುದೇ ಕಥೆಯ ಕೆಲಸ. ಕೊಟ್ಟಿಗೆಯಲ್ಲಿ ಮಲಗಿದವನನ್ನು ಎಮ್ಮೆ ನೆಕ್ಕಿತೇ ಎಂದು ಕೇಳುಗರು ಯೋಚಿಸುತ್ತಿರುವಾಗ ಎಲೆಯ ಮುಖ ಯಾರಿಗೆ ಬೇಕು? ಹಾಗೆಂದು ‘ಇದು ಗುಲಾಮನೇ, ಇದು ಗುಲಾಮನೇ’ ಎಂದು ಒತ್ತಿ ಹೇಳಬಾರದು. ಹೇಳಿದಷ್ಟೂ ಅನುಮಾನ ಬೆಳೆಯುತ್ತದೆ.

ಆದ್ದರಿಂದ ಅಭ್ಯಾಸವು ಬಾಯಿಂದಲೇ ಆರಂಭವಾಗಲಿ ಎಂಬುದು ನಮ್ಮ ಅಭಿಪ್ರಾಯ. ಎಲೆ ಮುಟ್ಟದೆ ಕಥೆಯನ್ನು ಗಟ್ಟಿಯಾಗಿ ಹತ್ತು ಸಲ ಹೇಳಿಕೊಳ್ಳಬೇಕು. ಅನಂತರ ಮಾತಿಲ್ಲದೆ ಕೈಗೆಲಸ, ಕನ್ನಡಿಯ ಮುಂದೆ. ಕಡೆಗೆ ಎರಡನ್ನೂ ಕೂಡಿಸಿ, ಯಾವ ಮಾತಿಗೆ ಯಾವ ಎಲೆ ಚಲಿಸಬೇಕೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಬೀಸಣಿಗೆ ಮಡಿಸುವ ಗಳಿಗೆಯೇ ಅತಿ ನಾಜೂಕಿನದು. ಆಗ ‘ಗೌಡರು ಸಂತೆಗೆ ಹೊರಟರು’ ಎನ್ನುತ್ತ ತಲೆಯೆತ್ತಿ ಕೇಳುಗರ ಮುಖ ನೋಡಬೇಕು. ಆಡುವವನು ತನ್ನ ಕೈಯನ್ನೇ ನೋಡಿಕೊಂಡರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಪಕ್ಕದಲ್ಲಾಗಲಿ ಬೆನ್ನ ಹಿಂದಾಗಲಿ ಯಾರನ್ನೂ ಕೂರಿಸಬಾರದು.

ಮುಗಿದೊಡನೆ ‘ಇನ್ನೊಮ್ಮೆ’ ಎಂಬ ಕೂಗು ಏಳುವುದು ಖಂಡಿತ. ಒಪ್ಪಲೇಬಾರದು! ಎರಡನೆಯ ಸಲ ಅವರಿಗೆ ಕಥೆ ಗೊತ್ತು. ಕಣ್ಣು ಕೈಯ ಮೇಲೆಯೇ ಇರುತ್ತದೆ. ಬದಲಿಗೆ, ಗುಟ್ಟೇ ಇಲ್ಲದ ಪಂಚಾಂಗದ ಕಥೆ ಹೇಳಬಹುದು. ಯೂರೋಪಿನಲ್ಲಿ ಬಹುಕಾಲದಿಂದ ಹೇಳಿಕೊಂಡು ಬಂದಿರುವ ಕಥೆಯಿದು. ಎಲೆ 52, ವರ್ಷದ ವಾರಗಳೂ ಅಷ್ಟೇ. ಚಿತ್ರದ ಎಲೆಗಳು 12, ತಿಂಗಳುಗಳೂ ಅಷ್ಟೇ. ಎಕ್ಕಕ್ಕೆ 1, ಗುಲಾಮನಿಗೆ 11, ರಾಣಿಗೆ 12, ರಾಜನಿಗೆ 13 ಎಂದಿಟ್ಟು ಎಲ್ಲವನ್ನೂ ಕೂಡಿಸಿದರೆ 364. ಜೋಕರ್ ಒಂದನ್ನು ಸೇರಿಸಿದರೆ ವರ್ಷ ಭರ್ತಿ. ನಂಬದ ಅಜ್ಜಂದಿರು ಕೂಡಿಸಿ ನೋಡಲಿ.