ಗಿರಾಕಿ ಸೋಗಿನ ಪೊಲೀಸ್ ಕಾರ್ಯಾಚರಣೆ ಮತ್ತು ಮೈಸೂರಿನ ಲೈಂಗಿಕ ಕಾರ್ಯಕರ್ತೆಯರು

ಗಿರಾಕಿ ಸೋಗಿನ ಕಾರ್ಯಾಚರಣೆ ಎಂದರೆ ಪೊಲೀಸರು ತಾವೇ ಗಿರಾಕಿಗಳಂತೆ ನಟಿಸಿ, ಅಥವಾ ಬೇರೊಬ್ಬನನ್ನು ಹಾಗೆ ಕಳುಹಿಸಿ, ಮಾತು ಕುದುರಿದ ಕೂಡಲೇ ದಾಳಿ ನಡೆಸುವ ಕ್ರಮ. ವೇಶ್ಯಾಗೃಹ ನಡೆಸುವವರನ್ನೂ ಮಾನವ ಕಳ್ಳಸಾಗಣೆದಾರರನ್ನೂ ಹಿಡಿಯುವುದು ಇದರ ಉದ್ದೇಶ. ಮೈಸೂರಿನಲ್ಲಿ ಬೀದಿಯಲ್ಲಿ ನಿಂತು ಗಿರಾಕಿಗಳನ್ನು ಕಾಣುವ ಮಹಿಳೆಯರ ಸಂಖ್ಯೆ ದೊಡ್ಡದು. ಇಂತಹ ಕ್ರಮಗಳ ಪೆಟ್ಟು ಅವರಿಗೂ ತಟ್ಟುತ್ತದೆ.

ಕಾನೂನಿನ ಹಿನ್ನೆಲೆ

1956ರ ಅನೈತಿಕ ವ್ಯವಹಾರ (ತಡೆ) ಕಾಯ್ದೆಯು ವಯಸ್ಕ ಮಹಿಳೆಯು ಸ್ವಇಚ್ಛೆಯಿಂದ ಮಾಡುವ ಲೈಂಗಿಕ ವೃತ್ತಿಯನ್ನೇ ಅಪರಾಧವೆನ್ನುವುದಿಲ್ಲ. ಆದರೆ ವೇಶ್ಯಾಗೃಹ ನಡೆಸುವುದು (ಕಲಂ 3), ಸಾರ್ವಜನಿಕ ಸ್ಥಳಗಳ ಸಮೀಪ ವೃತ್ತಿ ನಡೆಸುವುದು (ಕಲಂ 7) ಮತ್ತು ಗಿರಾಕಿಯನ್ನು ಕರೆಯುವುದು (ಕಲಂ 8) ಅಪರಾಧಗಳು. ವೃತ್ತಿಗೆ ಅಡ್ಡಿಯಿಲ್ಲ, ಆದರೆ ಗಿರಾಕಿಯೊಡನೆ ಮಾತನಾಡುವಂತಿಲ್ಲ ಎಂಬ ಈ ವಿಚಿತ್ರ ಸ್ಥಿತಿಯಲ್ಲಿಯೇ ಸೋಗಿನ ಗಿರಾಕಿಗೆ ಅವಕಾಶವಿದೆ.

ಸುರಕ್ಷತೆಯ ಮೇಲಿನ ಪರಿಣಾಮ

ಅಪರಿಚಿತನ ಜೊತೆ ಹೋಗುವ ಮೊದಲು ಆತನ ಮಾತು, ವರ್ತನೆ, ಕುಡಿತ ಇತ್ಯಾದಿಗಳನ್ನು ಗಮನಿಸುವುದು ಈ ಮಹಿಳೆಯರಿಗಿರುವ ಮುಖ್ಯ ರಕ್ಷಣೆ. ಹಣ, ಸ್ಥಳ ಮತ್ತು ಕಾಂಡೋಮ್ ಬಳಕೆ ಆಗಲೇ ತೀರ್ಮಾನವಾಗಬೇಕು. ಎದುರಿಗಿರುವವನು ಪೊಲೀಸನೇ ಇರಬಹುದೆಂಬ ಭಯವಿದ್ದಾಗ ಈ ಮಾತುಕತೆ ಅವಸರದಲ್ಲಿ ಮುಗಿಯುತ್ತದೆ. ಬೆಳಕು, ಜನಸಂಚಾರ ಮತ್ತು ಜೊತೆಗಾರ್ತಿಯರಿರುವ ಜಾಗವನ್ನು ಬಿಟ್ಟು ನಿರ್ಜನ ಸ್ಥಳಗಳಿಗೆ ಸರಿಯಬೇಕಾಗುತ್ತದೆ. ಚೀಲದಲ್ಲಿನ ಕಾಂಡೋಮ್ ಸಾಕ್ಷ್ಯವಾದೀತೆಂದು ಹೆದರಿ ಅದನ್ನು ಇಟ್ಟುಕೊಳ್ಳದಿರುವುದೂ ಉಂಟು. ಗಿರಾಕಿಯಿಂದ ಹಲ್ಲೆಯಾದರೂ, ತನ್ನನ್ನು ಬಂಧಿಸಿದ್ದ ಠಾಣೆಗೇ ದೂರು ಕೊಡಲು ಆಕೆ ಹೋಗುವುದಾದರೂ ಹೇಗೆ?

ಜೀವನೋಪಾಯ

ಕಲಂ 8ರ ಅಡಿ ವಿಧಿಸಬಹುದಾದ ದಂಡ 500 ರೂಪಾಯಿಯವರೆಗೆ ಮಾತ್ರ. ಜೊತೆಗೆ ಮೊದಲ ಬಾರಿಗೆ ಆರು ತಿಂಗಳವರೆಗಿನ ಸೆರೆವಾಸವೂ ಆಗಬಹುದು. ನಿಜವಾದ ವೆಚ್ಚ ಬೇರೆಯದೇ: ವಕೀಲರ ಶುಲ್ಕ, ಜಾಮೀನು, ದುಡಿಮೆಯಿಲ್ಲದ ದಿನಗಳು, ಇವುಗಳಿಗಾಗಿ ಮಾಡಿದ ಬಡ್ಡಿ ಸಾಲ. ಸಾಲ ತೀರಿಸಲು ಮೊದಲು ನಿರಾಕರಿಸುತ್ತಿದ್ದ ಗಿರಾಕಿಯನ್ನೂ ಒಪ್ಪಬೇಕಾಗುತ್ತದೆ. ಸುದ್ದಿ ಹರಡಿದರೆ ಬಾಡಿಗೆ ಮನೆಯೂ ಕೈತಪ್ಪಬಹುದು.

ಮೈಸೂರಿನ ಅನುಭವ

ಎಚ್‌ಐವಿ ತಡೆಗಾಗಿ 2004ರಲ್ಲಿ ನಗರದಲ್ಲಿ ಆರಂಭವಾದ ಯೋಜನೆಯಿಂದ, 2005ರ ಡಿಸೆಂಬರ್‌ನಲ್ಲಿ ಲೈಂಗಿಕ ಕಾರ್ಯಕರ್ತೆಯರದೇ ಸಂಘಟನೆಯಾದ ಆಶೋದಯ ಸಮಿತಿ ರೂಪುಗೊಂಡಿತು. ಹಲ್ಲೆ ಅಥವಾ ಬಂಧನದ ಸುದ್ದಿ ಬಂದೊಡನೆ ನೆರವಿಗೆ ಧಾವಿಸುವುದು ಮತ್ತು ಪೊಲೀಸರೊಡನೆ ನಿರಂತರ ಸಂವಾದ ನಡೆಸುವುದು ಅದರ ಕೆಲಸಗಳಲ್ಲಿ ಸೇರಿದ್ದವು. ನಗರದ ಲೈಂಗಿಕ ಕಾರ್ಯಕರ್ತೆಯರಲ್ಲಿ 2004ರಲ್ಲಿ ಶೇ 25ರಷ್ಟಿದ್ದ ಸಿಫಿಲಿಸ್, 2006ರ ಸಮೀಕ್ಷೆಯ ವೇಳೆಗೆ ಶೇ 12ಕ್ಕೆ ಇಳಿದಿತ್ತು. ಇದಕ್ಕೆ ಚಿಕಿತ್ಸಾಲಯವೊಂದೇ ಕಾರಣವಲ್ಲ. ಭಯವಿಲ್ಲದೆ ಕಾಂಡೋಮ್ ಇಟ್ಟುಕೊಳ್ಳುವ ವಾತಾವರಣವೂ ಬೇಕಿತ್ತು.

ಬಲವಂತದ ದಂಧೆಗೆ ಸಿಲುಕಿದ ಬಾಲಕಿಯರ ಪಾಲಿಗೆ ದಾಳಿಯೇ ಬಿಡುಗಡೆಯ ದಾರಿಯಾಗಬಲ್ಲದು. ಮೈಸೂರಿನದೇ ಆದ ಒಡನಾಡಿ ಸಂಸ್ಥೆ ಇಂತಹವರ ರಕ್ಷಣೆ ಮತ್ತು ಪುನರ್ವಸತಿಯಲ್ಲಿ ತೊಡಗಿದೆ. ಸ್ವಇಚ್ಛೆಯ ವಯಸ್ಕರನ್ನೂ ಇವರನ್ನೂ ದಾಳಿಯ ಗಡಿಬಿಡಿಯಲ್ಲಿ ಬೇರ್ಪಡಿಸುವುದು ಸುಲಭವಲ್ಲ.

2022ರ ಆದೇಶ

ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 19ರಂದು, ಕಾಂಡೋಮನ್ನು ಅಪರಾಧದ ಸಾಕ್ಷ್ಯವೆಂದು ಪರಿಗಣಿಸಬಾರದು ಹಾಗೂ ಪೊಲೀಸರು ಈ ಮಹಿಳೆಯರನ್ನು ಘನತೆಯಿಂದ ಕಾಣಬೇಕು ಎಂದು ನಿರ್ದೇಶಿಸಿತು. ದಾಳಿಯ ವೇಳೆ ಅವರನ್ನು ಬಂಧಿಸಬಾರದೆಂಬ ಶಿಫಾರಸು ಆದೇಶದಲ್ಲಿ ಉಲ್ಲೇಖಗೊಂಡಿತಾದರೂ, ಕೇಂದ್ರ ಸರ್ಕಾರವು ಅದಕ್ಕೆ ಆಕ್ಷೇಪ ವ್ಯಕ್ತಪಡಿಸಿದ್ದರಿಂದ ಕೂಡಲೇ ಜಾರಿಗೊಳಿಸಬೇಕಾದ ನಿರ್ದೇಶನಗಳಲ್ಲಿ ಸೇರಲಿಲ್ಲ. ಕಲಂ 7 ಮತ್ತು 8 ಈ ಆದೇಶದಿಂದ ರದ್ದಾಗಲಿಲ್ಲ.